ವರ್ಕಲದ ಬಣ್ಣದ ಗೋಡೆ: ಶ್ರೀಕಾರ್ಯಂನಿಂದ ಒಂದು ದಿನದ ದಾರಿ

ಚೀನಾದ ಗಾನ್ಸು ಪ್ರಾಂತ್ಯದ ಝಾಂಗ್ಯೆ ಎಂಬಲ್ಲಿರುವ ಬಣ್ಣದ ಗುಡ್ಡಗಳ ಚಿತ್ರ ಈಗ ಬಹುತೇಕ ಎಲ್ಲರ ಮೊಬೈಲ್‌ಗೂ ಒಮ್ಮೆಯಾದರೂ ಬಂದಿರುತ್ತದೆ. ಕೆಂಪು, ಹಳದಿ, ಬಿಳಿ, ಬೂದು ಪಟ್ಟೆಗಳು ಬೆಟ್ಟದ ಮೈತುಂಬ ಓರೆಯಾಗಿ ಹರಿದಿರುತ್ತವೆ. ಡೈನೋಸಾರ್‌ಗಳ ಕಾಲದಲ್ಲಿ ಕೂಡಿದ ಮರಳು, ಹೂಳು ಕಲ್ಲಾಗಿ, ಭೂಮಿಯ ಒತ್ತಡಕ್ಕೆ ಮಡಿಚಿ, ಮಳೆ ಗಾಳಿಗೆ ಸವೆದು ಆದ ಗುಡ್ಡಗಳವು. ಬಣ್ಣ ಕೊಟ್ಟಿರುವುದು ಮುಖ್ಯವಾಗಿ ಕಬ್ಬಿಣದ ಆಕ್ಸೈಡ್‌ಗಳು. 2020ರಲ್ಲಿ ಯುನೆಸ್ಕೊ ಅದನ್ನು ಜಾಗತಿಕ ಭೂಉದ್ಯಾನವೆಂದು ಗುರುತಿಸಿತು. ಅಲ್ಲಿಗೆ ಹೋಗಲು ವೀಸಾ ಬೇಕು, ಚೀನಾದ ದೊಡ್ಡ ನಗರವೊಂದಕ್ಕೆ ವಿಮಾನ ಬೇಕು, ಆಮೇಲೆ ಲಾನ್‌ಝೌ ದಾಟಿ ವೇಗದ ರೈಲಿನಲ್ಲಿ ಸಾಗಬೇಕು. ದುಡ್ಡು, ರಜೆ ಎರಡೂ ಇರುವವರಿಗೆ ಅದು ನಿಜಕ್ಕೂ ಹೋಗತಕ್ಕ ಜಾಗ.

ಅಂಥ ಬಣ್ಣ ಎದ್ದು ಕಾಣುವ ನೆಲ ನಮ್ಮ ಪಕ್ಕದ ರಾಜ್ಯದಲ್ಲೇ ಇದೆ. ತಿರುವನಂತಪುರದ ಶ್ರೀಕಾರ್ಯಂನಲ್ಲಿ ಮಗನೋ ಮಗಳೋ ಎಂಜಿನಿಯರಿಂಗ್ ಓದುತ್ತಿದ್ದರೆ, ಕಳಕ್ಕೂಟ್ಟಂನ ಟೆಕ್ನೋಪಾರ್ಕಿನಲ್ಲಿ ನೆಂಟರೊಬ್ಬರು ಕೆಲಸದಲ್ಲಿದ್ದರೆ, ಅವರ ಮನೆಯಿಂದ ಬೆಳಿಗ್ಗೆ ಹೊರಟು ರಾತ್ರಿ ಊಟಕ್ಕೆ ಮರಳಬಹುದಾದಷ್ಟು ಹತ್ತಿರ. ಅದೇ ವರ್ಕಲ. ಅರಬ್ಬಿ ಸಮುದ್ರದ ಅಂಚಿನಲ್ಲಿ ಆರೇಳು ಕಿಲೋಮೀಟರ್ ಉದ್ದಕ್ಕೆ ಕಡಿದಾಗಿ ನಿಂತ, ಕೆಲವೆಡೆ ಸುಮಾರು 30 ಮೀಟರ್ ಎತ್ತರದ ಬಣ್ಣಬಣ್ಣದ ಗೋಡೆ. ಕೇರಳದ ಕರಾವಳಿ ಬಹುಪಾಲು ತಗ್ಗು ಮರಳುದಂಡೆ. ಗುಡ್ಡವೇ ನೇರವಾಗಿ ಕಡಲಿಗೆ ಬಂದು ತುಂಡಾದಂತೆ ಇಷ್ಟು ದೂರ ನಿಂತಿರುವುದು ಅಪರೂಪ.

ವರ್ಕಲಕ್ಕೆ ಹೋಗಿ ಬಂದವರು ನಮ್ಮಲ್ಲಿ ಕಡಿಮೆಯೇನಿಲ್ಲ. ಆದರೆ ಅವರಲ್ಲಿ ಹೆಚ್ಚಿನವರು ಕ್ಲಿಫ್ ಮೇಲಿನ ಹೋಟೆಲಿನಲ್ಲಿ ಕೂತು ಕಡಲು ನೋಡಿ, ಸೂರ್ಯಾಸ್ತದ ಫೋಟೊ ತೆಗೆದು ಮರಳಿರುತ್ತಾರೆ. ಗೋಡೆ ಅವರ ಕಾಲಡಿಯಲ್ಲೇ ಇತ್ತು, ಕಣ್ಣಿಗೆ ಬಿದ್ದಿರುವುದಿಲ್ಲ. ವರ್ಕಲವನ್ನು ನೋಡುವುದೆಂದರೆ ಕೆಳಗಿಳಿದು, ಕಡಲಿಗೆ ಬೆನ್ನು ಹಾಕಿ, ಆ ಗೋಡೆಯನ್ನು ನೋಡುವುದು. ಈ ಲೇಖನ ಅಂಥ ನೋಟಕ್ಕೆ ತಯಾರಾಗುವವರಿಗಾಗಿ.

ಮೊದಲು ಆ ಗೋಡೆಯಲ್ಲಿ ಏನಿದೆ ಎಂದು ತಿಳಿದಿರಬೇಕು. ತೀರಾ ಮೇಲಿನ ಪದರ ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನವರಿಗೆ ಹೊಸದಲ್ಲ. ಅದು ಮುರಕಲ್ಲು, ಮನೆ, ಬಾವಿ, ಪಾಗಾರಕ್ಕೆಲ್ಲ ಬಳಸುವ ಅದೇ ತೂತುತೂತಾದ ಕೆಂಪುಕಲ್ಲು. ಕೆಳದಿಯ ಶಿವಪ್ಪನಾಯಕ 17ನೇ ಶತಮಾನದಲ್ಲಿ ಕಟ್ಟಿಸಿದ ಬೇಕಲ ಕೋಟೆಯೂ ಇದೇ ಕಲ್ಲಿನದು. ಈ ಕಲ್ಲಿಗೆ ವಿಜ್ಞಾನದಲ್ಲಿ ಲ್ಯಾಟರೈಟ್ ಎಂಬ ಹೆಸರು ಬಿದ್ದದ್ದೂ ಕೇರಳದಲ್ಲೇ. ಟಿಪ್ಪು ಸತ್ತ ಮೇಲೆ ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಮಲಪ್ಪುರಂ ಜಿಲ್ಲೆಯ ಅಂಗಾಡಿಪ್ಪುರದಲ್ಲಿ ಜನ ಈ ಕಲ್ಲನ್ನು ಮಿದುವಾಗಿರುವಾಗಲೇ ಕಡಿದು, ಗಾಳಿಗೆ ಒಣಗಿಸಿ ಗಟ್ಟಿ ಮಾಡಿಕೊಳ್ಳುವುದನ್ನು ಕಂಡು, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಈ ಹೆಸರಿಟ್ಟು ಬರೆದ.

ಮುರಕಲ್ಲಿನ ಕೆಳಗೆ ಬಣ್ಣದ ಆಟ ಶುರುವಾಗುತ್ತದೆ. ಮರಳುಗಲ್ಲು ಮತ್ತು ಜೇಡಿಯ ಪದರಗಳು ಒಂದರಮೇಲೊಂದು ಕೂತಿವೆ. ಕಬ್ಬಿಣ ಹೆಚ್ಚು ಆಕ್ಸಿಡೀಕರಣಗೊಂಡಲ್ಲಿ ಇಟ್ಟಿಗೆಗೆಂಪು, ನೀರಿನಂಶ ಸೇರಿದ ಕಬ್ಬಿಣವಿದ್ದಲ್ಲಿ ಅರಿಶಿನ, ಕಿತ್ತಳೆ. ಕಬ್ಬಿಣ ತೊಳೆದುಹೋದಲ್ಲಿ ಸುಣ್ಣದಷ್ಟು ಬಿಳಿಯ ಜೇಡಿ. ಅಲ್ಲಲ್ಲಿ ನೇರಳೆ ಛಾಯೆಯೂ ಕಾಣುತ್ತದೆ. ಬುಡಕ್ಕೆ ಬಂದರೆ ಕಪ್ಪು: ಹಳೆಯ ಕಾಲದ ಗಿಡಮರ ಕೊಳೆತು ಸೇರಿದ ಇಂಗಾಲದ ಜೇಡಿ, ಎಳೆಯ ಕಲ್ಲಿದ್ದಲಾದ ಲಿಗ್ನೈಟಿನ ತುಣುಕುಗಳು. ಭೂವಿಜ್ಞಾನಿ ವಿಲಿಯಂ ಕಿಂಗ್ 1882ರಲ್ಲಿ ಇವುಗಳನ್ನು ಈ ಊರಿನ ಹೆಸರಿನಿಂದಲೇ ‘ವರ್ಕಲ್ಲಿ’ ಪದರಗಳೆಂದು ಕರೆದ. ಇಂದಿಗೂ ಪಾಠಪುಸ್ತಕದಲ್ಲಿ ಅದೇ ಹೆಸರು. ಇವು ಮಯೋಸೀನ್–ಪ್ಲಿಯೋಸೀನ್ ಕಾಲದವು, ಅಂದರೆ ಕೆಲವು ದಶಲಕ್ಷ ವರ್ಷಗಳ ಹಿಂದಿನವು. ಬೆಂಗಳೂರಿನ ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಅದರ ಮುಂದೆ ವರ್ಕಲ ಇನ್ನೂ ಪೂರ್ತಿ ಕಲ್ಲಾಗದ ಎಳೆಯ ಮಣ್ಣು. ಈ ಎಳೆತನವೇ ಅದರ ಚೆಲುವಿಗೂ ಅಪಾಯಕ್ಕೂ ಕಾರಣ.

ಗೋಡೆಯ ಮಧ್ಯದಲ್ಲೋ ಬುಡದಲ್ಲೋ ಕೆಲವೆಡೆ ನೀರು ಜಿನುಗುವುದನ್ನು ನೋಡಬಹುದು. ಮಳೆನೀರು ಮುರಕಲ್ಲಿನ ತೂತು, ಮರಳುಗಲ್ಲಿನ ಸಂದು ಹಿಡಿದು ಇಳಿಯುತ್ತದೆ. ಜೇಡಿ ಎದುರಾದಾಗ ಮುಂದೆ ಇಳಿಯಲಾಗದೆ ಅಡ್ಡಕ್ಕೆ ಹರಿದು ಹೊರಬರುತ್ತದೆ. ಕಡಲಿಗೆ ಕೆಲವೇ ಮಾರು ದೂರದಲ್ಲಿ ಸಿಹಿನೀರು! ಈ ಚಿಲುಮೆಗಳಿಗೆ ಔಷಧದ ಗುಣವಿದೆ ಎಂಬ ನಂಬಿಕೆ ಊರಿನವರಲ್ಲಿದೆ. ಪಾಪನಾಶಂ ಎಂದು ಹೆಸರಾದ ಇಲ್ಲಿನ ದಂಡೆಯಲ್ಲಿ ಜನ ಪಿತೃಗಳಿಗೆ ಬಲಿ ಅರ್ಪಿಸುತ್ತಾರೆ. ಮೇಲೆ ಗುಡ್ಡದ ಮೇಲಿರುವುದು ಜನಾರ್ದನಸ್ವಾಮಿ ದೇವಾಲಯ. ಕರ್ಕಾಟಕ ಮಾಸದ ಅಮಾವಾಸ್ಯೆಯಂದು, ಅಂದರೆ ಜುಲೈ–ಆಗಸ್ಟ್ ಹೊತ್ತಿಗೆ, ಬಲಿತರ್ಪಣಕ್ಕೆ ದೊಡ್ಡ ಜನಸಾಗರ ಸೇರುತ್ತದೆ. ಪಿತೃಕಾರ್ಯಕ್ಕೆ ಬರುವವರ ದಿನವದು. ಗೋಡೆ ನೋಡಲು ಬರುವವರು ಬೇರೆ ದಿನ ಆರಿಸಿಕೊಳ್ಳುವುದು ಒಳ್ಳೆಯದು.

ಇನ್ನು ದಾರಿಯ ವಿಚಾರ.

ಕರ್ನಾಟಕದಿಂದ ರೈಲೇ ಸುಲಭ. ಮಂಗಳೂರಿನಿಂದ ಕಾಸರಗೋಡು, ಕಣ್ಣೂರು ಹಾದು ತಿರುವನಂತಪುರಕ್ಕೆ ಹೋಗುವ ಮಲಬಾರ್ ಎಕ್ಸ್‌ಪ್ರೆಸ್, ಬೆಂಗಳೂರಿನಿಂದ ಕನ್ಯಾಕುಮಾರಿಗೆ ಹೋಗುವ ಐಲ್ಯಾಂಡ್ ಎಕ್ಸ್‌ಪ್ರೆಸ್ ಈ ಮಾರ್ಗದಲ್ಲೇ ಸಾಗುತ್ತವೆ. ನಿಲ್ದಾಣದ ಹೆಸರು ‘ವರ್ಕಲ ಶಿವಗಿರಿ’. ಎಲ್ಲ ರೈಲೂ ಅಲ್ಲಿ ನಿಲ್ಲುವುದಿಲ್ಲ, ಟಿಕೆಟ್ ಮಾಡುವಾಗಲೇ ನೋಡಿಕೊಳ್ಳಬೇಕು. ಕೊಚ್ಚಿಯಿಂದ ಬರುವವರಿಗೆ ಎರ್ನಾಕುಲಂನಿಂದ ಮೂರು–ಮೂರೂವರೆ ಗಂಟೆಯ ಪ್ರಯಾಣ. ತಿರುವನಂತಪುರದಿಂದ ಸುಮಾರು 40 ಕಿಲೋಮೀಟರ್, ರೈಲಿಗೆ ಒಂದು ಗಂಟೆಯೊಳಗಿನ ದಾರಿ.

ಶ್ರೀಕಾರ್ಯಂನಲ್ಲಿ ರೈಲು ನಿಲ್ದಾಣವಿಲ್ಲ. ಅಲ್ಲಿಂದ ಹೊರಡುವವರು ಬಸ್ಸಿನಲ್ಲೋ ಆಟೊದಲ್ಲೋ ಕಳಕ್ಕೂಟ್ಟಂಗೆ ಹೋಗಿ ಪ್ಯಾಸೆಂಜರ್ ಹಿಡಿಯಬಹುದು. ರಸ್ತೆಯಲ್ಲೇ ಹೋಗುವುದಾದರೆ ಕಾರ್ಯವಟ್ಟಂ, ಕಳಕ್ಕೂಟ್ಟಂ, ಕಣಿಯಾಪುರಂ, ಮಂಗಲಪುರಂ, ಆಟ್ಟಿಂಗಲ್ ದಾಟಿ ಕಲ್ಲಂಬಲದಲ್ಲಿ ಹೆದ್ದಾರಿ ಬಿಟ್ಟು ಎಡಕ್ಕೆ ತಿರುಗಬೇಕು. ಹೆದ್ದಾರಿ ಅಗಲ ಮಾಡುವ ಕೆಲಸ, ಆಟ್ಟಿಂಗಲ್ ಪೇಟೆಯ ದಟ್ಟಣೆ ಎರಡನ್ನೂ ಲೆಕ್ಕ ಹಾಕಿ ಒಂದೂವರೆ ಗಂಟೆ ಇಟ್ಟುಕೊಂಡರೆ ಕ್ಷೇಮ. ಬಸ್ಸಿನವರು ಆಟ್ಟಿಂಗಲ್‌ನಲ್ಲಿ ಬದಲಾಯಿಸಿ ವರ್ಕಲದ ಬಸ್ ಹತ್ತಬಹುದು. ವರ್ಕಲ ನಿಲ್ದಾಣದಿಂದ ಕ್ಲಿಫ್‌ಗೆ ಮೂರು ಕಿಲೋಮೀಟರ್ ಮೇಲ್ಪಟ್ಟು. ಆಟೊದವರಿಗೆ ‘ಹೆಲಿಪ್ಯಾಡ್’ ಎಂದರೆ ಉತ್ತರ ಕ್ಲಿಫ್‌ನ ತುದಿಗೆ, ‘ಪಾಪನಾಶಂ’ ಎಂದರೆ ದೇವಾಲಯದ ಕೆಳಗಿನ ದಂಡೆಗೆ ಬಿಡುತ್ತಾರೆ. ಬಾಡಿಗೆ ಹತ್ತುವ ಮೊದಲೇ ಮಾತಾಡಿಕೊಳ್ಳಿ.

ಈ ರಸ್ತೆಯಲ್ಲಿ ಹೋಗುವವರು ಮಂಗಲಪುರಂ ಮುಂದಿನ ತೋನ್ನಕ್ಕಲ್‌ನಲ್ಲಿ ಸ್ವಲ್ಪ ನಿಲ್ಲಬೇಕು. ಮಲಯಾಳದ ದೊಡ್ಡ ಕವಿ ಕುಮಾರನ್ ಆಶಾನ್ ಬಾಳಿದ ಮನೆ ಈಗ ಸ್ಮಾರಕವಾಗಿ ಅಲ್ಲಿದೆ. ಅದೇ ಸುತ್ತಿನಲ್ಲಿ ಬಿಳಿ ಜೇಡಿಯ ಗಣಿಗಳಿವೆ. ವರ್ಕಲದ ಗೋಡೆಯಲ್ಲಿ ಬಿಳಿ ಪಟ್ಟೆಯಾಗಿ ಕಾಣುವ ಬಗೆಯ ಜೇಡಿಯೇ ಇಲ್ಲಿ ನೆಲದಡಿಯಲ್ಲಿದೆ. ಕಡಲು ಗುಡ್ಡವನ್ನು ಕಡಿದು ತೋರಿಸಿದ್ದರಿಂದ ವರ್ಕಲದಲ್ಲಿ ಅದು ಪ್ರವಾಸಿಯ ಕಣ್ಣಿಗೆ ಬೀಳುತ್ತದೆ, ಅಷ್ಟೆ.

ಹೊರಡುವ ಹಿಂದಿನ ದಿನ ಬಿಡುವಿದ್ದರೆ ಶ್ರೀಕಾರ್ಯಂ ಬಳಿಯೇ ಪಾರೋಟ್ಟುಕೋಣಂನಲ್ಲಿರುವ ಕೇರಳ ಮಣ್ಣು ವಸ್ತುಸಂಗ್ರಹಾಲಯಕ್ಕೆ ಹೋಗಿ ಬರುವುದು ಉತ್ತಮ ತಯಾರಿ. ಕೇರಳದ 82 ಬಗೆಯ ಮಣ್ಣನ್ನು ನೆಲದಿಂದ ಉದ್ದುದ್ದಕ್ಕೆ ಕಡಿದು ತೆಗೆದು ಅಲ್ಲಿ ನಿಲ್ಲಿಸಿದ್ದಾರೆ. ಮೇಲಿನ ಕಪ್ಪುಮಣ್ಣು ಎಲ್ಲಿ ಮುಗಿಯಿತು, ಕೆಂಪು ಎಲ್ಲಿಂದ ಶುರುವಾಯಿತು ಎಂಬುದನ್ನು ಮಕ್ಕಳೂ ಬೆರಳಿಟ್ಟು ತೋರಿಸಬಲ್ಲರು. ಶಾಲೆಗೆ ಹೋಗುವ ಮಕ್ಕಳೊಂದಿಗೆ ಪ್ರವಾಸ ಮಾಡುವ ಕುಟುಂಬಗಳಿಗಂತೂ ಇದನ್ನು ಒತ್ತಿ ಹೇಳಬೇಕು. ಸಂಗ್ರಹಾಲಯ ನೋಡಿ ಬಂದ ಮಗು ಮಾರನೆಯ ದಿನ ವರ್ಕಲದ ದಂಡೆಯಲ್ಲಿ ಸುಮ್ಮನೆ ‘ಕೆಂಪು ಗುಡ್ಡ’ ಎನ್ನುವುದಿಲ್ಲ, ಪದರ ಎಣಿಸುತ್ತದೆ.

ಯಾವಾಗ ಹೋಗಬೇಕು? ಡಿಸೆಂಬರಿನಿಂದ ಮಾರ್ಚ್ ತನಕ. ಇದಕ್ಕೆ ಹವೆಯೊಂದೇ ಕಾರಣವಲ್ಲ. ಮಳೆಗಾಲದ ಅಲೆಗಳು ದಂಡೆಯ ಮರಳನ್ನು ಎಳೆದೊಯ್ದು ಕೆಲವೆಡೆ ನೇರವಾಗಿ ಗೋಡೆಯ ಬುಡಕ್ಕೇ ಬಡಿಯುತ್ತವೆ. ಮಳೆ ನಿಂತು ಕಡಲು ಶಾಂತವಾದ ಮೇಲೆ ಮರಳು ಮರಳಿ ಕೂಡುತ್ತದೆ. ದಂಡೆ ಅಗಲವಾದಾಗ ಗೋಡೆಯಿಂದ ದೂರ ನಿಂತು, ಬುಡದಿಂದ ತಲೆಯ ತನಕ ಪೂರ್ತಿ ನೋಡಲು ಜಾಗ ಸಿಗುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಆ ಜಾಗವೇ ಇರುವುದಿಲ್ಲ. ಡಿಸೆಂಬರ್ 30ರಿಂದ ಜನವರಿ 1ರ ತನಕ, ನಾರಾಯಣ ಗುರುಗಳ ಸಮಾಧಿಯಿರುವ ವರ್ಕಲದ ಶಿವಗಿರಿಗೆ ತೀರ್ಥಾಟನೆ ಇರುವುದರಿಂದ ಕೋಣೆ, ರೈಲು ಎರಡೂ ತುಂಬಿರುತ್ತವೆ ಎಂಬುದನ್ನೂ ನೆನಪಿಡಬೇಕು.

ದಿನದ ಯಾವ ಹೊತ್ತು ಎಂಬುದು ಇನ್ನೂ ಮುಖ್ಯ. ಗೋಡೆ ಪಡುವಣಕ್ಕೆ ಮುಖ ಮಾಡಿದೆ. ಬೆಳಿಗ್ಗೆ ಅದು ತನ್ನದೇ ನೆರಳಿನಲ್ಲಿರುತ್ತದೆ; ಕೆಂಪೂ ನೇರಳೆಯೂ ಒಂದೇ ಮಂಕು ಬಣ್ಣವಾಗಿ ಕಾಣುತ್ತವೆ. ಮಧ್ಯಾಹ್ನ ಮೂರೂವರೆಯ ನಂತರ ಓರೆಬಿಸಿಲು ನೇರವಾಗಿ ಬೀಳತೊಡಗಿದಾಗ ಪದರಗಳು ಬೇರೆಬೇರೆಯಾಗಿ ತೆರೆದುಕೊಳ್ಳುತ್ತವೆ. ಸೂರ್ಯ ಮುಳುಗುವ ಮುನ್ನಿನ ಒಂದು ಗಂಟೆಯಲ್ಲಿ ಬಣ್ಣ ಅತ್ಯಂತ ಗಾಢ. ಆ ಹೊತ್ತಿಗೆ ಸರಿಯಾಗಿ ಜನರೆಲ್ಲ ಮೇಲಿನ ಹೋಟೆಲುಗಳಲ್ಲಿ ಕಡಲ ಕಡೆಗೆ ಮುಖ ಮಾಡಿ ಕೂತಿರುತ್ತಾರೆ! ಕೆಳಗೆ ಇರಬೇಕಾದ ಗಳಿಗೆ ಅದೇ.

ಹಾಗಾಗಿ ದಿನವನ್ನು ಹೀಗೆ ಜೋಡಿಸಿಕೊಳ್ಳಬಹುದು. ಬೆಳಿಗ್ಗೆ ಶ್ರೀಕಾರ್ಯಂನಿಂದ ಕೆಲವೇ ಕಿಲೋಮೀಟರ್ ದೂರದ ಚೆಂಬಳಂದಿಗೆ ಹೋಗಿ. 1856ರಲ್ಲಿ ನಾರಾಯಣ ಗುರುಗಳು ಹುಟ್ಟಿದ ಮನೆ ಅಲ್ಲಿ ಗುರುಕುಲವಾಗಿ ಉಳಿದಿದೆ. ಅಲ್ಲಿಂದ ವರ್ಕಲಕ್ಕೆ ಬಂದು ಶಿವಗಿರಿ ಏರಿ. ಗುರುಗಳು ಆಶ್ರಮ ಕಟ್ಟಿದ, 1925ರಲ್ಲಿ ಗಾಂಧೀಜಿ ಅವರನ್ನು ಭೇಟಿಯಾದ, 1928ರ ಸೆಪ್ಟೆಂಬರ್ 20ರಂದು ಅವರು ಸಮಾಧಿಯಾದ ಗುಡ್ಡವದು. ಮಂಗಳೂರಿನ ಕುದ್ರೋಳಿಯಲ್ಲಿ 1912ರಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದವರೂ ಇವರೇ ಆದ್ದರಿಂದ ಕರಾವಳಿಯ ಕನ್ನಡಿಗರಿಗೆ ಈ ಅರ್ಧ ದಿನ ಪರಸ್ಥಳವೆನಿಸುವುದಿಲ್ಲ. ಮಧ್ಯಾಹ್ನ ಜನಾರ್ದನಸ್ವಾಮಿ ದೇವಾಲಯದ ಬಾಗಿಲು ಮುಚ್ಚಿರುತ್ತದೆ. ದರ್ಶನ ಬೇಕಿದ್ದವರು ಬೆಳಿಗ್ಗೆಯೇ ಮುಗಿಸಬೇಕು, ಗಂಡಸರು ಅಂಗಿ ಕಳಚಬೇಕು. ಊಟಕ್ಕೆ ಕ್ಲಿಫ್‌ಗಿಂತ ಪೇಟೆಯ ಹೋಟೆಲು ಅಗ್ಗ, ಕುಚ್ಚಲಕ್ಕಿ ಅನ್ನವೂ ಅಲ್ಲೇ ಚೆನ್ನ. ಲೋಟದಲ್ಲಿ ನಸುಗೆಂಪು ಬಿಸಿನೀರು ಬಂದರೆ ಗಾಬರಿ ಬೇಡ, ಪದಿಮುಖಂ ಮರದ ಚಕ್ಕೆ ಹಾಕಿ ಕುದಿಸಿದ ಕುಡಿಯುವ ನೀರದು.

ಮೂರು ಗಂಟೆಗೆ ಹೆಲಿಪ್ಯಾಡ್ ಬಳಿ ಹೋಗಿ ಮೊದಲು ಮೇಲಿನಿಂದ ಗೋಡೆಯ ಉದ್ದವನ್ನು ನೋಡಿಕೊಳ್ಳಿ. ಅಲ್ಲಿಂದ ಅಂಗಡಿ, ಹೋಟೆಲುಗಳ ಮುಂದೆ ಕಿರಿದಾದ ಕಾಲುದಾರಿ ಉತ್ತರಕ್ಕೆ ಸಾಗುತ್ತದೆ. ಕೆಳಗಿಳಿಯಲು ಕಟ್ಟಿದ ಮೆಟ್ಟಿಲುಗಳಿವೆ, ಅವುಗಳಲ್ಲೇ ಇಳಿಯಬೇಕು. ಮೆಟ್ಟಿಲು ಕಡಿದು, ಮೊಣಕಾಲು ನೋವಿನವರಿಗೆ ಕಷ್ಟ. ಅಂಥವರು ಪಾಪನಾಶಂಗೆ ರಸ್ತೆಯಲ್ಲೇ ಬಂದು ದಂಡೆಗೆ ಇಳಿಯಬಹುದು, ಅಲ್ಲಿಂದಲೂ ಗೋಡೆ ಚೆನ್ನಾಗಿ ಕಾಣುತ್ತದೆ. ನಡೆಯಲು ಶಕ್ತಿಯಿದ್ದವರು ಉತ್ತರದ ಓಡಯಂ, ಎಡವ ಕಡೆಗೆ ಹೋಗಲಿ. ಅಂಗಡಿಗಳು ಮುಗಿಯುತ್ತವೆ, ತೆಂಗಿನ ತೋಟಗಳು ಶುರುವಾಗುತ್ತವೆ, ಗೋಡೆ ತಗ್ಗುತ್ತ ಹೋಗುತ್ತದೆ. ಇನ್ನೂ ಮುಂದೆ ಕಾಪ್ಪಿಲ್‌ನಲ್ಲಿ ಒಂದು ಬದಿಗೆ ಹಿನ್ನೀರು, ಇನ್ನೊಂದು ಬದಿಗೆ ಸಮುದ್ರ. ಎರಡನೆಯ ದಿನ ಸಿಕ್ಕವರು ತಿರುವಿದಾಂಕೂರು ಕಾಲದ ಸುರಂಗಗಳನ್ನು ಹುಡುಕಿಕೊಂಡು ಹೋಗಬಹುದು. ತಿರುವನಂತಪುರದಿಂದ ಉತ್ತರಕ್ಕೆ ದೋಣಿಯಲ್ಲಿ ಸಾಗಲು ಇದೇ ಗುಡ್ಡ ಅಡ್ಡವಾಗಿತ್ತು. 19ನೇ ಶತಮಾನದ ಉತ್ತರಾರ್ಧದಲ್ಲಿ ಅದರ ಹೊಟ್ಟೆಯೊಳಗೆ ಸುಮಾರು 280 ಮತ್ತು 720 ಮೀಟರ್ ಉದ್ದದ ಎರಡು ಜಲಸುರಂಗ ಕೊರೆದರು.

ಅಪಾಯದ ಮಾತನ್ನು ಮರೆಮಾಚಬಾರದು. ಮೇಲೆ ಭಾರದ ಮುರಕಲ್ಲು, ಕೆಳಗೆ ಮಿದು ಜೇಡಿ, ನಡುವೆ ಜಿನುಗುವ ನೀರು, ಬುಡಕ್ಕೆ ಅಲೆಯ ಹೊಡೆತ. ಬುಡ ಸವೆದಾಗ ಮೇಲಿನದು ಒಮ್ಮೆಲೇ ಕುಸಿಯುತ್ತದೆ. ಮಳೆಗಾಲದಲ್ಲಿ, ಮಳೆ ನಿಂತ ಕೆಲವು ವಾರಗಳಲ್ಲಿ ಇದು ಹೆಚ್ಚು. ಗೋಡೆಯ ನೆರಳಿನಲ್ಲಿ ಚಾಪೆ ಹಾಸಿ ಮಲಗುವವರು, ಬುಡಕ್ಕೆ ಒರಗಿ ಫೋಟೊ ತೆಗೆಸಿಕೊಳ್ಳುವವರು ದಿನವೂ ಸಿಗುತ್ತಾರೆ. ಗೋಡೆಯ ಎತ್ತರದಷ್ಟಾದರೂ ದೂರ ಇಟ್ಟುಕೊಂಡೇ ನಿಲ್ಲುವುದು ಜಾಣತನ. ಅಷ್ಟು ದಂಡೆ ಇಲ್ಲದ ಕಡೆ ನಿಲ್ಲದೆ ದಾಟಿಬಿಡಬೇಕು. ಮೇಲಿನ ದಾರಿಯಲ್ಲಿ ಬೇಲಿ ಇಲ್ಲದ ಅಂಚುಗಳಿವೆ; ಕತ್ತಲಾದ ಮೇಲೆ ಮಕ್ಕಳ ಕೈ ಬಿಡಬಾರದು. ನೀರಿಗಿಳಿಯುವುದು ಜೀವರಕ್ಷಕರು ಇರುವಲ್ಲಿ ಮಾತ್ರ, ಕೆಂಪು ಬಾವುಟ ಕಂಡರೆ ಅದೂ ಇಲ್ಲ. 2024ರ ಮಾರ್ಚ್‌ನಲ್ಲಿ ಪಾಪನಾಶಂನಲ್ಲಿ ಹಾಕಿದ್ದ ತೇಲುಸೇತುವೆಗೆ ಅಲೆ ಬಡಿದು ಹಲವರು ಗಾಯಗೊಂಡರು. ಕಡಲು ಶಾಂತವೆನ್ನುವ ತಿಂಗಳಲ್ಲೇ ಅದು ನಡೆದದ್ದು.

ಪ್ರವಾಸಿಗೆ ಗೋಡೆಯಿಂದ ಅಪಾಯ ಇರುವಂತೆ ಗೋಡೆಗೆ ಪ್ರವಾಸಿಯಿಂದಲೂ ಇದೆ. ಝಾಂಗ್ಯೆಯಲ್ಲಿ ಜನರನ್ನು ಉದ್ಯಾನದ ಬಸ್ಸಿನಲ್ಲೇ ಒಯ್ಯುತ್ತಾರೆ, ಹಲಗೆಯ ಕಾಲುದಾರಿ, ವೀಕ್ಷಣಾ ಕಟ್ಟೆ ಬಿಟ್ಟು ಗುಡ್ಡದ ಮೇಲೆ ಹೆಜ್ಜೆ ಇಡುವಂತಿಲ್ಲ. ವರ್ಕಲದಲ್ಲಿ ಗೋಡೆಯ ನೆತ್ತಿಯ ಮೇಲೇ ಹೋಟೆಲು, ರೆಸಾರ್ಟ್‌ಗಳ ಸಾಲು ಎದ್ದಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ; ಕೇರಳದಲ್ಲಿ ಇದಕ್ಕೆ ಜೊತೆಯಾಗಿ ಆ ಮನ್ನಣೆ ಪಡೆದದ್ದು ಅಂಗಾಡಿಪ್ಪುರದ ಮುರಕಲ್ಲು. ಹಾಗಿದ್ದೂ 2024ರಲ್ಲಿ, ಬಲಿಮಂಟಪಕ್ಕೆ ಕುಸಿತದ ಭಯವಿದೆ ಎಂಬ ಕಾರಣಕ್ಕೆ ಪಾಪನಾಶಂ ಗುಡ್ಡದ ಒಂದು ಭಾಗವನ್ನು ಜಿಲ್ಲಾಡಳಿತ ಯಂತ್ರ ಹಚ್ಚಿ ಕಡಿಸಿತು, ದೊಡ್ಡ ವಿವಾದವಾಯಿತು. ಜನರ ಜೀವ ಕಾಯಬೇಕಾದದ್ದು ಆಡಳಿತದ ಕರ್ತವ್ಯ, ಸಂದೇಹವಿಲ್ಲ. ಆದರೆ ಒಮ್ಮೆ ಕಡಿದ ಪದರವನ್ನು ಮತ್ತೆ ಕೂಡಿಸಲಾಗದು. ಗೋಡೆಯ ತಲೆಯ ಮೇಲೆ ಕಟ್ಟಡ ಮತ್ತು ಕೊಳಚೆನೀರಿನ ಭಾರ ಇಳಿಸುವುದೇ ಮೊದಲ ಮದ್ದು ಎನ್ನಬೇಕಾಗುತ್ತದೆ.

2025ರ ಸೆಪ್ಟೆಂಬರ್‌ನಲ್ಲಿ ಭಾರತದ ಏಳು ನೈಸರ್ಗಿಕ ತಾಣಗಳು ಯುನೆಸ್ಕೊ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದವು. ವರ್ಕಲ ಅದರಲ್ಲೊಂದು. ವಿಶಾಖಪಟ್ಟಣದ ಕೆಂಪು ಮರಳದಿಬ್ಬಗಳಾದ ಎರ್ರ ಮಟ್ಟಿ ದಿಬ್ಬಲು, ನಮ್ಮ ಉಡುಪಿ ಕಡಲಿನ ಸೇಂಟ್ ಮೇರೀಸ್ ದ್ವೀಪಗಳು ಕೂಡ ಅದೇ ಪಟ್ಟಿಯಲ್ಲಿವೆ. ತಾತ್ಕಾಲಿಕ ಪಟ್ಟಿ ಎಂದರೆ ಇನ್ನೂ ಬಾಗಿಲ ಹೊರಗೆ ನಿಂತ ಹಾಗೆ; ಮುಂದಿನ ಪರಿಶೀಲನೆಯಲ್ಲಿ ಸಂರಕ್ಷಣೆ ಹೇಗಿದೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಆ ಉತ್ತರದಲ್ಲಿ ಪ್ರವಾಸಿಗಳ ನಡವಳಿಕೆಗೂ ಪಾಲಿದೆ.

ಆದ್ದರಿಂದ ಹೋಗುವವರಲ್ಲಿ ಕೆಲವು ವಿನಂತಿ. ಗೋಡೆಯ ಮೇಲೆ ಹೆಸರು ಕೆತ್ತಬೇಡಿ. ಮಿದು ಜೇಡಿಯಲ್ಲಿ ಉಗುರಿನ ಗೀರೂ ಉಳಿಯುತ್ತದೆ. ಬಣ್ಣದ ತುಂಡೆಂದು ಕಿತ್ತು ಚೀಲಕ್ಕೆ ಹಾಕಿಕೊಳ್ಳಬೇಡಿ. ಅಡ್ಡದಾರಿ ಹಿಡಿದು ಹತ್ತಿಳಿಯಬೇಡಿ, ಆ ಕಾಲುದಾರಿಯೇ ಮುಂದಿನ ಮಳೆಗೆ ಕೊರಕಲಾಗುತ್ತದೆ. ಉಳಿದುಕೊಳ್ಳುವುದಾದರೆ ಅಂಚಿಗೆ ಅಂಟಿದ ಕೋಣೆಯ ಬದಲು ಒಳಗಿನ ಪೇಟೆಯಲ್ಲೋ ದೇವಾಲಯದ ಬೀದಿಯಲ್ಲೋ ಕೋಣೆ ಹಿಡಿಯಿರಿ. ಅಂಚಿನಲ್ಲಿ ಹೊಸ ಬಿರುಕು ಕಂಡರೆ ದಂಡೆಯ ಜೀವರಕ್ಷಕರಿಗೋ ಪ್ರವಾಸಿ ಪೊಲೀಸರಿಗೋ ತಿಳಿಸಿಯೇ ಮುಂದೆ ಹೋಗಿ.